ಲೈಸೆನ್ಸ್ ಬೇಡದ ಗಾಳಿ

ಎರ್ನಾಕುಲಂ ಜಂಕ್ಷನ್ನಿನ ಪೋರ್ಟರ್ ಒಬ್ಬರು ಸ್ಟೇಷನ್ನಿನ ಪುಕ್ಕಟೆ ವೈಫೈ ನೆಚ್ಚಿ ಓದಿ ಕೇರಳ ಪಿಎಸ್‌ಸಿ ಲಿಖಿತ ಪರೀಕ್ಷೆ ಪಾಸಾದ ಸುದ್ದಿ 2018ರಲ್ಲಿ ಪತ್ರಿಕೆಗಳಲ್ಲೆಲ್ಲ ಬಂದಿತ್ತು, ನೆನಪಿದೆಯೇ? ತಲೆಯ ಮೇಲೆ ಪ್ರಯಾಣಿಕರ ಲಗೇಜು, ಕಿವಿಯಲ್ಲಿ ಇಯರ್‌ಫೋನು, ಅದರಲ್ಲಿ ಪಾಠ. ಎಲ್ಲರೂ ಅವರ ಛಲವನ್ನು ಹೊಗಳಿದರು. ಹೊಗಳಬೇಕಾದ್ದೇ. ಆದರೆ ಟ್ರಾನ್ಸ್‌ಫರ್ ಆಗಿ ಕೊಚ್ಚಿಗೆ ಬಂದು ಇಲ್ಲೇ ಬೇರುಬಿಟ್ಟ, ದಿನವಿಡೀ ಜನರ ಹತ್ತಿರ ಕಾಗದಪತ್ರ ಕೇಳುವ ನನ್ನಂಥ ಬ್ಯಾಂಕಿನವನಿಗೆ ಬೇರೆಯೇ ಪ್ರಶ್ನೆ ಬಂತು: ಆ ಪಾಠ ಗಾಳಿಯಲ್ಲಿ ಬರಲು ಪರ್ಮಿಷನ್ ಕೊಟ್ಟವರು ಯಾರು?

ಕಥೆ ಶುರುವಾಗುವುದು ಹವಾಯಿಯಲ್ಲಿ. 1971ರಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ಬೇರೆ ಬೇರೆ ದ್ವೀಪಗಳ ಟರ್ಮಿನಲ್‌ಗಳನ್ನು ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ರೇಡಿಯೋ ಮೂಲಕ ಜೋಡಿಸಿದರು. ಹೆಸರು ಅಲೋಹಾನೆಟ್. ನಿಯಮ ಸರಳ, ಹೇಳುವುದಿದ್ದರೆ ಹೇಳಿಬಿಡು. ಇಬ್ಬರು ಒಟ್ಟಿಗೆ ಮಾತಾಡಿ ಕಲಸಿಹೋದರೆ 'ಮುಟ್ಟಿತು' ಎಂಬ ಉತ್ತರ ಬರುವುದಿಲ್ಲ. ಸ್ವಲ್ಪ ಕಾದು ಮತ್ತೆ ಹೇಳು. ಇಬ್ಬರೂ ಅಷ್ಟೇ ಹೊತ್ತು ಕಾದರೆ ಮತ್ತೆ ಡಿಕ್ಕಿ, ಅದಕ್ಕೇ ಕಾಯುವ ಹೊತ್ತು ಚೀಟಿ ಎತ್ತಿದ ಹಾಗೆ, ಒಬ್ಬೊಬ್ಬರಿಗೆ ಒಂದೊಂದು. ವೈಫೈ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮೊದಲು ಕಿವಿಗೊಟ್ಟು ಕೇಳು, ಯಾರೂ ಮಾತಾಡುತ್ತಿಲ್ಲ ಅಂದರೆ ಮಾತ್ರ ಬಾಯಿ ಬಿಡು. (ನಮ್ಮ ಫ್ಲಾಟ್ ಅಸೋಸಿಯೇಷನ್ ಮೀಟಿಂಗಿನಲ್ಲಿ ಈ ನಿಯಮ ಇನ್ನೂ ಜಾರಿಗೆ ಬಂದಿಲ್ಲ!)

1985ರಲ್ಲಿ ಅಮೆರಿಕ ಕೆಲವು ತರಂಗಾಂತರಗಳನ್ನು ಇಂಥ ಬಳಕೆಗೆ ಲೈಸೆನ್ಸ್ ಇಲ್ಲದೆ ಬಿಟ್ಟುಕೊಟ್ಟಿತು. ಅದರಲ್ಲಿ 2.4 ಗಿಗಾಹರ್ಟ್ಸ್ ಒಂದು, ಮೈಕ್ರೋವೇವ್ ಒಲೆಗಳು ಗದ್ದಲ ಮಾಡುವ ಜಾಗ. 1997ರಲ್ಲಿ 802.11 ಎಂಬ ಸ್ಟ್ಯಾಂಡರ್ಡ್ ಬಂತು, ವೇಗ ಸೆಕೆಂಡಿಗೆ 2 ಮೆಗಾಬಿಟ್. 1999ರಲ್ಲಿ ಅದು 11 ಆಯಿತು, ವೈಫೈ ಎಂಬ ಹೆಸರೂ ಆಗಲೇ ಇಟ್ಟದ್ದು.

ನಮ್ಮ ದೇಶದಲ್ಲಿ? 2005ರ ಜನವರಿಯಲ್ಲಿ ಕೇಂದ್ರ ಸರ್ಕಾರ 2.4ರಿಂದ 2.4835 ಗಿಗಾಹರ್ಟ್ಸ್‌ವರೆಗೆ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಬೇಡ ಅಂತ ನಿಯಮ ಹೊರಡಿಸಿತು. ಗೆಜೆಟ್ ಯಾರು ಓದುತ್ತಾರೆ ಹೇಳಿ! ನನ್ನ ಮಟ್ಟಿಗೆ ಮಾತ್ರ ಆ ಪೋರ್ಟರ್ ಕಥೆಯ ಮೊದಲ ಪುಟ ಅದೇ.

2016ರ ಏಪ್ರಿಲ್‌ನಲ್ಲಿ ರೈಲ್‌ಟೆಲ್ ಮತ್ತು ಗೂಗಲ್ ಸೇರಿ ಎರ್ನಾಕುಲಂ ಜಂಕ್ಷನ್ನಿಗೆ ವೈಫೈ ತಂದವು. ಗಾಳಿಯ ಪ್ರಯಾಣ ಪ್ಲಾಟ್‌ಫಾರ್ಮಿನ ಆಕ್ಸೆಸ್ ಪಾಯಿಂಟ್ ತನಕ ಮಾತ್ರ. ಅಲ್ಲಿಂದ ಆಚೆ ರೈಲ್‌ಟೆಲ್‌ನ ಫೈಬರ್ ಕೇಬಲ್. 2020ರಲ್ಲಿ ಗೂಗಲ್ ಕೈ ತೊಳೆದುಕೊಂಡಿತು, ರೈಲ್‌ಟೆಲ್ ಮುಂದುವರಿಸಿತು. ತಿರುವನಂತಪುರದಲ್ಲಿ 2023ರ ಜೂನ್ 5ರಂದು ಉದ್ಘಾಟನೆಯಾದ ಕೆ-ಫೋನ್ ಕೂಡ ಕೇಬಲ್ಲೇ. 20 ಲಕ್ಷ ಬಡ ಕುಟುಂಬಗಳಿಗೆ ಪುಕ್ಕಟೆ ಇಂಟರ್ನೆಟ್ ಅನ್ನುವುದು ಅದರ ಗುರಿ. ಕೇಬಲ್ ಬಾಗಿಲಿಗೆ ಬಂದರೂ ಮಕ್ಕಳ ಮೊಬೈಲ್ ತನಕದ ಕೊನೆಯ ನಾಲ್ಕು ಹೆಜ್ಜೆ ಮತ್ತೆ ಅದೇ ಗಾಳಿಯಲ್ಲಿ.

ಅಂದ ಹಾಗೆ, 2.4ರಲ್ಲಿ ಈಗ ವಿಪರೀತ ನೂಕುನುಗ್ಗಲು. 2018ರ ಅಕ್ಟೋಬರ್‌ನಲ್ಲಿ 5 ಗಿಗಾಹರ್ಟ್ಸ್ ಭಾಗದಲ್ಲೂ 605 ಮೆಗಾಹರ್ಟ್ಸ್‌ನಷ್ಟು ಜಾಗಕ್ಕೆ ಲೈಸೆನ್ಸ್ ತೆಗೆದುಹಾಕಿದರು.