ಹರಗಿ ಮೀನಿನ ಕಥೆ

ಕೆರೆಗಳ ಕಳೆಯನ್ನು ಮೇಯಲೆಂದು 1959ರಲ್ಲಿ ಹಾಂಗ್‌ಕಾಂಗ್‌ನಿಂದ ಹುಲ್ಲುಗೆಂಡೆಯ ಮರಿಗಳನ್ನು ಭಾರತಕ್ಕೆ ತರಿಸಲಾಯಿತು. ಅದೇ ಕೆಲಸವನ್ನು ನಮ್ಮ ಕೃಷ್ಣಾ, ತುಂಗಭದ್ರೆಗಳಲ್ಲಿ ಹರಗಿ ಮೀನು ಅನಾದಿಯಿಂದಲೂ ಮಾಡುತ್ತಲೇ ಇತ್ತು! ಮನೆಯ ಮೀನನ್ನು ಬಿಟ್ಟು ಹೊರಗಿನದನ್ನು ಏಕೆ ಕರೆತಂದೆವು?

ಬೇಕೆಂದೇ ಮಾಡಿದ ಅಲಕ್ಷ್ಯವೆಂದು ನಾನು ಹೇಳಲಾರೆ. 1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುನ್ಹಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಮೀನುಗಳಿಂದ ಮೊಟ್ಟೆಯಿಡಿಸಿದರು. ಮುಂದೆ ಉತ್ತರದ ನದಿಗಳ ಕಾಟ್ಲಾ, ರೋಹು, ಮೃಗಾಲ್ ಮರಿಗಳು ದಕ್ಷಿಣದ ಕೆರೆಗಳನ್ನೂ ತುಂಬಿದವು. ಹರಗಿಯ ಮರಿಗಾದರೋ ಹೊಳೆಯೇ ಗತಿ. ಮರಿ ಸಿಗದ ಮೀನನ್ನು ಸಾಕುವವರಾರು? ಕಾಲಕ್ರಮೇಣ ಹೊಳೆಯಲ್ಲೂ ಅದು ವಿರಳವಾಯಿತು.

ಈ ಶತಮಾನದ ಎರಡನೆಯ ದಶಕದಲ್ಲಿ ಹೆಸರಘಟ್ಟದ ಸಂಶೋಧನಾ ಕೇಂದ್ರದವರು ಹರಗಿಯ ಮರಿ ಮಾಡಿಸುವ ವಿಧಾನವನ್ನು ಸಾಧಿಸಿದರು. ಆ ಮರಿ ರೈತನಿಗೆ ಹುಲ್ಲುಗೆಂಡೆಯ ಬೆಲೆಗೇ ದೊರೆಯಬೇಕೆಂಬುದು ನನ್ನ ವಾದ.