ಸಾರ್ಕ್: ಒಮ್ಮತದ ಗಂಟು

ಸಾರ್ಕ್ ಎಂದರೆ ದಕ್ಷಿಣ ಏಷ್ಯಾ ಪ್ರಾದೇಶಿಕ ಸಹಕಾರ ಸಂಘಟನೆ. 1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಭೂತಾನ್, ಶ್ರೀಲಂಕಾ, ಮಾಲ್ಡೀವ್ಸ್ ಸೇರಿ ಇದನ್ನು ಕಟ್ಟಿದವು. ಅಫ್ಘಾನಿಸ್ತಾನ 2007ರಲ್ಲಿ ಸೇರಿತು. ಕಾರ್ಯಾಲಯ ಕಠ್ಮಂಡುವಿನಲ್ಲಿದೆ. 2014ರ ನಂತರ ಶೃಂಗಸಭೆ ನಡೆದಿಲ್ಲ.

ಇಂಥದೊಂದು ಕೂಟ ಬೇಕೆಂದು 1980ರಲ್ಲಿ ನೆರೆಹೊರೆಯವರಿಗೆ ಪತ್ರ ಬರೆದವರು ಬಾಂಗ್ಲಾದೇಶದ ಅಧ್ಯಕ್ಷ ಜಿಯಾವುರ್ ರಹಮಾನ್. ಮರುವರ್ಷ ಚಿತ್ತಗಾಂಗ್‌ನಲ್ಲಿ ಬಂಡೆದ್ದ ಸೇನಾಧಿಕಾರಿಗಳು ಅವರನ್ನು ಕೊಂದರು. ಢಾಕಾದ ಮೊದಲ ಸಭೆಗೆ ಬಂದವರಲ್ಲಿ ಬಾಂಗ್ಲಾದೇಶದ ಇರ್ಷಾದ್ ಮತ್ತು ಪಾಕಿಸ್ತಾನದ ಜಿಯಾ ಉಲ್ ಹಕ್ ಸೇನಾ ದಂಗೆಯಿಂದ ಗದ್ದುಗೆಗೇರಿದವರು. ನೇಪಾಳ, ಭೂತಾನ್‌ಗಳಿಂದ ಬಂದವರು ಅರಸರು. ಅಂಥ ಸಭೆಯ ಸನ್ನದು ಸದಸ್ಯತ್ವಕ್ಕೆ ಪ್ರಜಾಪ್ರಭುತ್ವದ ಷರತ್ತು ಹಾಕದೇ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಪ್ರಜಾಪ್ರಭುತ್ವದ ಸನ್ನದೆಂದು ಒಂದು ಬಂದದ್ದು 2011ರಲ್ಲಿ. ತಪ್ಪಿದವರಿಗೆ ಶಿಕ್ಷೆಯೇನು ಎಂಬುದು ಅದರಲ್ಲಿಲ್ಲ.

ಮೂಲ ಸನ್ನದಿನ ಹತ್ತನೆಯ ವಿಧಿಯೇ ನಿಜವಾದ ಗಂಟು. ಎಲ್ಲ ತೀರ್ಮಾನಗಳೂ ಸರ್ವಾನುಮತದಿಂದ ಆಗಬೇಕು. ಎರಡು ದೇಶಗಳ ನಡುವಿನ ತಕರಾರು ಚರ್ಚೆಗೆ ಬರಕೂಡದು. ದೈತ್ಯ ಭಾರತದ ಪಕ್ಕದಲ್ಲಿ ಕೂರಲು ಸಣ್ಣ ದೇಶಗಳಿಗೆ, ನೆರೆಯವರೆಲ್ಲ ಒಟ್ಟಾಗಿ ಮೇಲೆ ಬೀಳುವರೆಂಬ ಅಳುಕಿದ್ದ ಭಾರತಕ್ಕೆ ಈ ನಿಯಮವೇ ಧೈರ್ಯ ಕೊಟ್ಟದ್ದು. ಕೂಟ ಹುಟ್ಟಲು ಕಾರಣವಾದದ್ದೇ ಮುಂದೆ ಅದರ ಕಾಲು ಕಟ್ಟಿತು.

ಎರಡನೆಯ ಶೃಂಗಸಭೆ 1986ರ ನವೆಂಬರ್ 16–17ರಂದು ಬೆಂಗಳೂರಿನಲ್ಲಿ ನಡೆಯಿತು. ನಾಯಕರು ನಂದಿಬೆಟ್ಟಕ್ಕೂ ಹೋಗಿಬಂದರು. ಕಠ್ಮಂಡು ಕಾರ್ಯಾಲಯದ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಬೆಂಗಳೂರಿನಲ್ಲೇ. ಶ್ರೀಲಂಕಾದ ತಮಿಳರ ಪ್ರಶ್ನೆ ಕಾರ್ಯಸೂಚಿಯಲ್ಲಿ ಇರಲಿಲ್ಲ, ಇರುವಂತೆಯೂ ಇರಲಿಲ್ಲ. ಆದರೆ ಅಧ್ಯಕ್ಷ ಜಯವರ್ಧನೆ ಊರಿನಲ್ಲಿರುವಾಗಲೇ ಭಾರತ ಸರ್ಕಾರ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇಯ ನಾಯಕ ಪ್ರಭಾಕರನ್‌ರನ್ನು ಮದರಾಸಿನಿಂದ ಕರೆಸಿ ಸಂಧಾನ ನಡೆಸಿತು. ಮುಖ್ಯ ಮಾತು ಸಭೆಯ ಹೊರಗೆ ನಡೆಯುವ ಈ ರೂಢಿ ಸಾರ್ಕ್‌ಗೆ ಅಂಟಿಕೊಂಡೇ ಉಳಿಯಿತು.

ಸಭೆ ನಿಲ್ಲಿಸಲು ಒಬ್ಬರು ಮುನಿಸಿಕೊಂಡರೆ ಸಾಕು. 1999ರಲ್ಲಿ ಪಾಕಿಸ್ತಾನದಲ್ಲಿ ಸೇನಾ ಮುಖ್ಯಸ್ಥ ಮುಷರಫ್ ಅಧಿಕಾರ ಕಿತ್ತುಕೊಂಡಾಗ ಕಠ್ಮಂಡು ಸಭೆ 2002ರ ಜನವರಿಗೆ ಹೋಯಿತು. 2005ರ ಫೆಬ್ರುವರಿಯಲ್ಲಿ ನೇಪಾಳದ ದೊರೆ ಜ್ಞಾನೇಂದ್ರ ಸರ್ಕಾರವನ್ನು ವಜಾ ಮಾಡಿದಾಗ ಭಾರತ ಹಿಂದೆ ಸರಿದು ಢಾಕಾ ಸಭೆ ನವೆಂಬರಿಗೆ ಬಿತ್ತು. ಕಾಶ್ಮೀರದ ಉರಿಯಲ್ಲಿ ಭಾರತೀಯ ಸೇನಾ ನೆಲೆಯ ಮೇಲಾದ ದಾಳಿಯ ಬಳಿಕ 2016ರ ಇಸ್ಲಾಮಾಬಾದ್ ಸಭೆ ರದ್ದಾಯಿತು. ಕಾಬೂಲ್ ತಾಲಿಬಾನ್ ವಶವಾದ ಮೇಲೆ, 2021ರಲ್ಲಿ, ಅಫ್ಘಾನಿಸ್ತಾನದ ಕುರ್ಚಿಯಲ್ಲಿ ಯಾರು ಕೂರಬೇಕೆಂಬ ಜಗಳಕ್ಕೆ ವಿದೇಶಾಂಗ ಸಚಿವರ ಸಭೆಯೂ ನಡೆಯಲಿಲ್ಲ.

ಮುಕ್ತ ವ್ಯಾಪಾರ ಒಪ್ಪಂದ 2006ರಿಂದ ಜಾರಿಯಲ್ಲಿದ್ದರೂ ಈ ದೇಶಗಳ ಒಟ್ಟು ವ್ಯಾಪಾರದಲ್ಲಿ ಪರಸ್ಪರ ವ್ಯವಹಾರದ ಪಾಲು ಸುಮಾರು ಶೇ. 5. ಭಾರತ–ಪಾಕಿಸ್ತಾನದ ಸರಕು ವಾಘಾ ಗಡಿ ಬಿಟ್ಟು ದುಬೈ ಸುತ್ತಿ ಬಂದದ್ದೂ ಉಂಟು.

ಹಾಗೆಂದು ಸಾರ್ಕ್ ಸೊರಗಿದ ದೋಷವನ್ನೆಲ್ಲ ಸರ್ವಾಧಿಕಾರಿಗಳ ತಲೆಗೆ ಕಟ್ಟಲಾಗದು. 2014ರಲ್ಲಿ ಸಾರ್ಕ್ ವಾಹನ ಸಂಚಾರ ಒಪ್ಪಂದಕ್ಕೆ ಪಾಕಿಸ್ತಾನ ತಡೆಯೊಡ್ಡಿತು. ಆಗ ಅಲ್ಲಿದ್ದದ್ದು ಚುನಾಯಿತ ಸರ್ಕಾರ. ಮರುವರ್ಷ ಭಾರತ, ಬಾಂಗ್ಲಾದೇಶ, ನೇಪಾಳ, ಭೂತಾನ್ ತಮ್ಮೊಳಗೇ ಅಂಥ ಒಪ್ಪಂದ ಮಾಡಿಕೊಂಡವು. ಹೊರಗಿನ ಲಾರಿಗಳು ನುಗ್ಗಿದರೆ ತಮ್ಮ ಪರಿಸರ, ತಮ್ಮ ಚಾಲಕರ ಗತಿಯೇನೆಂಬ ಆತಂಕದಲ್ಲಿ ಭೂತಾನ್ ಸಂಸತ್ತಿನ ಮೇಲ್ಮನೆ 2016ರಲ್ಲಿ ಅದನ್ನು ತಿರಸ್ಕರಿಸಿತು. ಉಳಿದ ಮೂರು ದೇಶಗಳು ಭೂತಾನನ್ನು ಬಿಟ್ಟು ಮುಂದುವರಿಯಲು ಒಪ್ಪಿಕೊಂಡವು.