ಅಳತೆಮಾದರಿ ಯುದ್ಧವಿಮಾನ: ಕಟ್ಟಣೆ ಮತ್ತು ಬಣ್ಣಗಾರಿಕೆಯ ಇತಿಹಾಸ

ನಿಜವಾದ ಯುದ್ಧವಿಮಾನವನ್ನು ಗೊತ್ತಾದ ಪ್ರಮಾಣಕ್ಕೆ ಇಳಿಸಿ, ಹಾರಿಸಲಿಕ್ಕಲ್ಲ, ನೋಡಲಿಕ್ಕೆಂದೇ ಕಟ್ಟುವ ಪ್ರತಿಕೃತಿಯೇ ಅಳತೆಮಾದರಿ. ಈ ಹವ್ಯಾಸದ ಇತಿಹಾಸ ಬಹುಮಟ್ಟಿಗೆ ಕಿಟ್ ತಯಾರಿಸಿದ ಕಂಪನಿಗಳ ಇತಿಹಾಸವಾಗಿಯೇ ದಾಖಲಾಗಿದೆ. ಹಳೆಯ ವಿಮಾನಗಳ ನಿಜವಾದ ಬಣ್ಣ ಹುಡುಕಿ ಹವ್ಯಾಸಿಗಳು ನಡೆಸಿದ ಶೋಧಕ್ಕೆ ಅದರಲ್ಲಿ ಸಿಕ್ಕಿರುವ ಜಾಗ ಕಡಿಮೆ. ಇತಿಹಾಸಕಾರರಿಗೂ ನೆರವಾದದ್ದು ಈ ಎರಡನೆಯ ಕೆಲಸವೇ.

ಆರಂಭದ ಹೆಜ್ಜೆಗಳು ಸ್ಪಷ್ಟವಾಗಿವೆ. 1932ರಲ್ಲಿ ಬ್ರಿಟನ್ನಿನ ಜೇಮ್ಸ್ ಹೇ ಸ್ಟೀವನ್ಸ್ ರೂಪಿಸಿದ ‘ಸ್ಕೈಬರ್ಡ್ಸ್’ ಮರದ ಕಿಟ್‌ಗಳು 1/72 ಪ್ರಮಾಣವನ್ನು, ಅಂದರೆ ಆರು ಅಡಿಗೆ ಒಂದು ಇಂಚಿನ ಲೆಕ್ಕವನ್ನು, ಬಳಕೆಗೆ ತಂದವು. 1936ರಲ್ಲಿ ಬಂದ ಫ್ರಾಗ್ ಕಂಪನಿಯ ‘ಪೆಂಗ್ವಿನ್’ ಸರಣಿ ಮರದ ಬದಲು ಸೆಲ್ಯುಲೋಸ್ ಅಸಿಟೇಟ್ ಬಳಸಿತು. ವರ್ಷ ಕಳೆದಂತೆ ಸೊಟ್ಟಗಾಗುವ ವಸ್ತು ಅದು. ಆ ಕಾಲದ ಮಾದರಿಗಳು ನೆಟ್ಟಗೆ ಉಳಿದಿರುವುದು ಅಪರೂಪ. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಂದ 5 ಲಕ್ಷ ಮರದ ಮಾದರಿಗಳನ್ನು ಕೇಳಿತು. ಶತ್ರು ಯಾರು, ಮಿತ್ರ ಯಾರು ಎಂದು ಆಕಾರ ನೋಡಿಯೇ ಗುರುತಿಸಲು ಸೈನಿಕರಿಗೆ ಕಲಿಸಬೇಕಿತ್ತು. ಹಾಗಾಗಿ ಎಲ್ಲಕ್ಕೂ ಕಪ್ಪು ಬಣ್ಣ. ಪ್ರಮಾಣವೂ ಈ ತರಬೇತಿಗೆ ಒಪ್ಪುವಂಥದು: 35 ಅಡಿ ದೂರದಲ್ಲಿಟ್ಟ 1/72 ಮಾದರಿ, ಸುಮಾರು ಅರ್ಧ ಮೈಲಿ ಆಚೆಯ ನಿಜವಿಮಾನದಷ್ಟೇ ದೊಡ್ಡದಾಗಿ ಕಾಣುತ್ತದೆ.

ಎರಡನೇ ಮಹಾಯುದ್ಧದ ನಂತರ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ ಬಂತು. ಗೊಂದಲ ಶುರುವಾಗುವುದೂ ಇಲ್ಲಿಂದಲೇ. ಏರ್‌ಫಿಕ್ಸ್ ತನ್ನ ಮೊದಲ ವಿಮಾನ ಕಿಟ್ಟಾದ ಸ್ಪಿಟ್‌ಫೈರನ್ನು ಹೊರತಂದದ್ದು 1953ರಲ್ಲಿ ಎಂದು ಕೆಲವು ಮೂಲಗಳು ಹೇಳಿದರೆ, 1955 ಎಂದು ಇನ್ನು ಕೆಲವು ಹೇಳುತ್ತವೆ. ‘ಬಿಟಿ-ಕೆ’ ಅಕ್ಷರಗಳನ್ನು ಹೊತ್ತ ಆ ಕಿಟ್, ಅಮೆರಿಕದ ಅರೋರಾ ಕಂಪನಿಯ 1/48 ಸ್ಪಿಟ್‌ಫೈರನ್ನೇ ಕುಗ್ಗಿಸಿ ಮಾಡಿದ್ದು ಎಂಬ ಮಾತು ವ್ಯಾಪಕವಾಗಿದೆ. ಹಾಗಾಗಿ ಅದರ ಬಿಡುಗಡೆಗೆ ಒಂದೇ ಇಸವಿಯನ್ನು ಖಚಿತವೆಂಬಂತೆ ಕೊಡುವ ಕೈಪಿಡಿಗಳನ್ನು ಎಚ್ಚರದಿಂದ ಓದಬೇಕು. ಮುಂದಿನ ದಶಕಗಳಲ್ಲಿ ರೆವೆಲ್, ಮೊನೊಗ್ರಾಮ್, ತಮಿಯಾ, ಹಾಸೆಗಾವಾ ಬೆಳೆದವು. ವಿಮಾನದ ಲೋಹದ ಹಾಳೆಗಳ ಜೋಡಣೆಯನ್ನು ತೋರಿಸುವ, ಮೈಮೇಲೆ ಉಬ್ಬಿರುತ್ತಿದ್ದ ಫಲಕಗೆರೆಗಳು ಕೊರೆದ ಗೆರೆಗಳಾದವು.

ನಿಜವಾದ ತಿರುವು ಬಂದದ್ದು ಬಣ್ಣದ ಪ್ರಶ್ನೆಯಿಂದ. ಜಪಾನೀ ನೌಕಾಪಡೆಯ ಯುದ್ಧವಿಮಾನ ಮಿತ್ಸುಬಿಷಿ ಝೀರೋ ಇದಕ್ಕೆ ಒಳ್ಳೆಯ ಉದಾಹರಣೆ. ಯುದ್ಧದ ಮೊದಲ ವರ್ಷಗಳ ಝೀರೋವನ್ನು ಕಿಟ್‌ಗಳು ದಶಕಗಟ್ಟಲೆ ಬರೀ ತಿಳಿ ಬೂದು ಎಂದೇ ತೋರಿಸಿದವು. ಆದರೆ 1942ರ ಫೆಬ್ರುವರಿಯ ಜಪಾನೀ ನೌಕಾಪಡೆಯ ತಾಂತ್ರಿಕ ವರದಿಯೊಂದು ಅದನ್ನು ಕಂದು-ಹಳದಿಯತ್ತ ತುಸು ವಾಲಿದ ಬೂದು ಎಂದು ವರ್ಣಿಸಿದೆ. ಪರ್ಲ್ ಹಾರ್ಬರ್‌ನಲ್ಲಿ ಬಿದ್ದ ವಿಮಾನಗಳಿಂದ ಕತ್ತರಿಸಿ ಇಟ್ಟುಕೊಂಡ ತುಣುಕುಗಳನ್ನು ಹವ್ಯಾಸಿ ಸಂಶೋಧಕರು ಪರೀಕ್ಷಿಸಿದಾಗ, ಬಿಳಿಚಿಕೊಂಡ ಮೇಲ್ಪದರದ ಕೆಳಗೆ ಹಸಿರು ಛಾಯೆಯ ಬೂದು ಕಂಡಿತು. ಬಿಸಿಲು-ಮಳೆಗೆ ಒಡ್ಡಿದ ಬಣ್ಣ ಸುಣ್ಣದ ಪುಡಿಯಂತೆ ಬೆಳ್ಳಗಾಗುತ್ತದೆ. ಬೆಳಕು ಬೀಳದ ಕಡೆ ಅದರ ರಾಳ ಹಳದಿಗಟ್ಟುತ್ತದೆ. ಹಾಗಾಗಿ ತುಣುಕಿನಲ್ಲಿ ಕಾಣುವ ಹಳದಿಯಲ್ಲಿ ಕಾರ್ಖಾನೆಯದೆಷ್ಟು, ಕಾಲದ್ದೆಷ್ಟು ಎಂಬ ವಾದ ಮುಗಿದಿಲ್ಲ. ಸಂಗ್ರಹಾಲಯದ ವಿಮಾನಗಳೂ ಇಲ್ಲಿ ಪೂರ್ಣ ಸಾಕ್ಷಿಯಾಗಲಾರವು. ಅವುಗಳಲ್ಲಿ ಹಲವಕ್ಕೆ ಜೀರ್ಣೋದ್ಧಾರದ ಹೊತ್ತಿಗೆ ಹೊಸದಾಗಿ ಬಣ್ಣ ಬಳಿಯಲಾಗಿದೆ. ಜರ್ಮನ್ ವಾಯುಪಡೆಯ ‘83’ ಸಂಖ್ಯೆಯ ಬಣ್ಣದ ಬಗ್ಗೆಯೂ ಇಂಥದೇ ಜಗ್ಗಾಟವಿದೆ: ಬಹುಕಾಲ ಕಡುಹಸಿರು ಎಂದು ನಂಬಿದ್ದನ್ನು, ಮೂಲ ಕಾಗದಪತ್ರಗಳನ್ನು ಆಧರಿಸಿದ ಸಂಶೋಧನೆ ಕಡುನೀಲಿ ಎಂದು ವಾದಿಸುತ್ತದೆ.

ಈ ಶೋಧ ಕೈಕೆಲಸವನ್ನೂ ಬದಲಿಸಿತು. ಝೀರೋದ ಒಳಭಾಗಗಳಿಗೆ ತುಕ್ಕು ತಡೆಯಲು ‘ಆಓತಾಕೆ’ ಎಂಬ ಪಾರದರ್ಶಕ ನೀಲಿ-ಹಸಿರು ಮೆರುಗೆಣ್ಣೆ ಹಚ್ಚುತ್ತಿದ್ದರು; ಅದರಡಿಯಲ್ಲಿ ಅಲ್ಯೂಮಿನಿಯಂ ಮಿನುಗುತ್ತಿತ್ತು. ಮಾದರಿಯಲ್ಲಿ ಅದನ್ನು ತೋರಿಸಲು ಮೊದಲು ಬೆಳ್ಳಿಬಣ್ಣ ಹೊಡೆದು, ಒಣಗಿದ ಮೇಲೆ ತಿಳಿಯಾದ ನೀಲಿ-ಹಸಿರನ್ನು ಏರ್‌ಬ್ರಷ್‌ನಿಂದ ಪದರ ಪದರವಾಗಿ ಹಾಯಿಸುತ್ತಾರೆ. ಹೊರಮೈಯ ಬಣ್ಣದ ಮೇಲೆ ಹೊಳಪು ವಾರ್ನಿಷ್ ಬಿದ್ದ ನಂತರವೇ ನೀರಿನಲ್ಲಿ ನೆನೆಸಿದ ಡೆಕಾಲ್ (ಗುರುತುಗಳನ್ನು ಮುದ್ರಿಸಿದ ತೆಳು ಪದರ) ಕೂರಿಸಬೇಕು. ಒರಟು ಮೈಗೆ ಅಂಟಿಸಿದರೆ ಕೆಳಗೆ ಗಾಳಿ ಸಿಕ್ಕಿಕೊಂಡು ಅಂಚು ಬೆಳ್ಳಗೆ ಮಿಂಚುತ್ತದೆ. ಬಳಿಕ ಫಲಕಗೆರೆಗಳಿಗೆ ತೆಳು ಕಪ್ಪು ಹರಿಸಿ, ಹೆಚ್ಚಾದದ್ದನ್ನು ಒರೆಸಿ, ಕೊನೆಗೆ ಹೊಳಪಿಲ್ಲದ ವಾರ್ನಿಷ್. ಬಣ್ಣವನ್ನು ಎಷ್ಟು ಮಾಸಿದಂತೆ ತೋರಿಸಬೇಕೆಂಬುದನ್ನು ಆಯಾ ವಿಮಾನದ ಫೋಟೊ ನೋಡಿ ತೀರ್ಮಾನಿಸುವುದೇ ಸರಿಯಾದ ಕ್ರಮ.

ನಿಜವಿಮಾನಗಳ ಲೇಸರ್ ಅಳತೆ, 3ಡಿ ಮುದ್ರಿತ ಬಿಡಿಭಾಗಗಳು ಈಚಿನ ಸೇರ್ಪಡೆ. ಝೀರೋ ವಾದ ಮಾತ್ರ ಅಂಗಡಿಯ ಕಪಾಟಿಗೂ ತಲುಪಿದೆ: ತಮಿಯಾದ ಬಣ್ಣಪಟ್ಟಿಯಲ್ಲಿ ಜಪಾನೀ ನೌಕಾಪಡೆಯ ಹಳೆಯ ಬೂದು ಎಕ್ಸ್‌ಎಫ್-12 ಎಂದೂ, ಹಸಿರುಮಿಶ್ರಿತ ಬೂದು ಎಕ್ಸ್‌ಎಫ್-76 ಎಂದೂ ಎರಡು ಬೇರೆ ಬೇರೆ ಬಣ್ಣಗಳಿವೆ.